ಡ್ರೈವ್ ರಿಬಿಲ್ಡ್ ಆಗ್ತಿರೋವಾಗ ಮನೆ ಸರ್ವರ್ ನಡೆಸೋದು ಹೇಗೆ ಅಂತಾನೂ ಬರೀರಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಮನೆಯಲ್ಲೇ ಸ್ಟೋರೇಜ್ ಸರ್ವರ್ ಇಟ್ಕೊಳ್ಳೋದರ ಬಗ್ಗೆ ಆಗಾಗ ಲೇಖನ ಬರ್ತಿರುತ್ತೆ, ಎಷ್ಟು ಡ್ರೈವ್ ಹಿಡಿಯೋ ಬಾಕ್ಸ್ ತಗೋಬೇಕು, ಎಷ್ಟು ಟಿಬಿ ಬೇಕಾಗುತ್ತೆ, ಫೋನಲ್ಲಿ ತೆಗೆದ ಫೋಟೋ ತಾನಾಗೇ ಅಲ್ಲಿಗೆ ಹೋಗೋ ಹಾಗೆ ಹೇಗೆ ಮಾಡೋದು, ಇದೆಲ್ಲಾ ಚೆನ್ನಾಗೇ ಬರೀತೀರಿ, ನಾನೂ ಬಿಡದೆ ಓದ್ತೀನಿ. ಆದ್ರೆ ಎಲ್ಲಾ ಲೇಖನಗಳೂ ಸೆಟಪ್ ಮುಗಿಯೋ ಹೊತ್ತಿಗೆ ನಿಂತುಬಿಡ್ತವೆ. ಮುಂದೆ ಒಂದು ದಿನ ಒಂದು ಡ್ರೈವ್ ಕೆಡುತ್ತಲ್ಲ, ಆ ದಿನದ ಬಗ್ಗೆ ಬರೋದು ಒಂದೇ ಸಾಲು: "ರೇಡ್ ಇದ್ರೆ ಚಿಂತೆ ಇಲ್ಲ, ಹೊಸ ಡ್ರೈವ್ ಹಾಕಿ, ಸರ್ವರ್ ನಡೀತಾನೇ ಇರುತ್ತೆ." ರೇಡ್ ಅಂದ್ರೆ ಹಲವು ಡ್ರೈವ್‌ಗಳನ್ನ ಸೇರಿಸಿ, ಒಂದು ಕೆಟ್ರೂ ಡೇಟಾ ಉಳಿಯೋ ಹಾಗೆ ಬರೆದಿಡೋ ವಿಧಾನ, ಕೆಟ್ಟದ್ದರಲ್ಲಿದ್ದ ಡೇಟಾನ ಹೊಸ ಡ್ರೈವಿಗೆ ಮತ್ತೆ ತುಂಬೋದೇ ರಿಬಿಲ್ಡ್. ಸರ್ವರ್ ನಡೀತಾ ಇರುತ್ತೆ ಅನ್ನೋದು ನಿಜ. ಚಿಂತೆ ಇಲ್ಲ ಅನ್ನೋದು ನಿಜ ಅಲ್ಲ. ಮನೆಯವರ ವರ್ಷಾನುಗಟ್ಟಲೆ ಫೋಟೋ, ವಿಡಿಯೋ, ಕಾಗದಪತ್ರ ಎಲ್ಲಾ ಒಂದೇ ಕಡೆ ಇಟ್ಕೊಂಡಿರೋರಿಗೆ ಆ ಒಂದು ಸಾಲು ಸಾಲದು ಅಂತಾನೇ ಈ ಕಾಗದ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ಮೊದಲು ಒಳಗೆ ಏನು ನಡೆಯುತ್ತೆ ಅಂತ ನೋಡೋಣ. ಮೂರು ಡ್ರೈವಲ್ಲಿ 5, 8, 4 ಅಂತ ಮೂರು ಸಂಖ್ಯೆ ಇದೆ, ನಾಲ್ಕನೇದರಲ್ಲಿ ಅವುಗಳ ಮೊತ್ತ 17 ಬರೆದಿಟ್ಟಿದೀವಿ ಅಂದ್ಕೊಳ್ಳಿ. 8 ಇದ್ದ ಡ್ರೈವ್ ಹೋಯ್ತು. 17ರಲ್ಲಿ 5 ಮತ್ತು 4 ಕಳೆದ್ರೆ 8 ವಾಪಸ್ ಸಿಗುತ್ತೆ. ರೇಡ್ 5 ಅನ್ನೋ ವಿಧದ ರೇಡ್ ಮಾಡೋದು ಇದನ್ನೇ, ಕೂಡೋದರ ಬದಲು ಎಕ್ಸಾರ್ ಅನ್ನೋ ಬಿಟ್‌ಗಳ ಲೆಕ್ಕ, ಮತ್ತೆ ಮೊತ್ತವನ್ನ (ಇದಕ್ಕೆ ಪ್ಯಾರಿಟಿ ಅಂತಾರೆ) ಒಂದೇ ಡ್ರೈವಲ್ಲಿ ಇಡದೆ ಎಲ್ಲದಕ್ಕೂ ಹಂಚಿ ಇಡುತ್ತೆ ಅಷ್ಟೇ ವ್ಯತ್ಯಾಸ. ಇದರಿಂದ ಎರಡು ವಿಷಯ ಗೊತ್ತಾಗುತ್ತೆ. ಒಂದು, ಸತ್ತ ಡ್ರೈವಲ್ಲಿದ್ದ ಯಾವುದೇ ಚೂರು ಬೇಕು ಅಂದ್ರೂ ಉಳಿದ ಎಲ್ಲಾ ಡ್ರೈವನ್ನೂ ಓದಲೇಬೇಕು, ಅಂದ್ರೆ ಒಂದು ಸಣ್ಣ ಫೈಲ್ ತೆಗೆದ್ರೂ ಎಲ್ಲಾ ಡ್ರೈವ್‌ಗೂ ಕೆಲಸ. ಎರಡು, ಆ ಹೊತ್ತಲ್ಲಿ ಇನ್ನೊಂದು ಡ್ರೈವ್ ಹೋದ್ರೆ ಲೆಕ್ಕ ಬಿಡಿಸೋಕೆ ಆಗಲ್ಲ, ಮುಗೀತು.

ಈ ರೇಡ್ ಅನ್ನೋ ಹೆಸರು ಬಂದಿದ್ದು 1988ರಲ್ಲಿ, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ್‍ಯಾಂಡಿ ಕ್ಯಾಟ್ಸ್ ಬರೆದ ಪ್ರಬಂಧದಿಂದ. ಅವರು ಲೆಕ್ಕಕ್ಕೆ ತಗೊಂಡ ಸಣ್ಣ ಡ್ರೈವಲ್ಲಿ ಹಿಡೀತಿದ್ದದ್ದು 100 ಎಂಬಿ, ವೇಗ ಸೆಕೆಂಡಿಗೆ ಸುಮಾರು 1 ಎಂಬಿ. ಅಂದ್ರೆ ಡ್ರೈವ್ ಪೂರ್ತಿ ಓದೋಕೆ ಎರಡು ನಿಮಿಷ ಸಾಕು. ಈಗ ಮನೆಗೆ ತರೋ 16 ಟಿಬಿ ಡ್ರೈವ್ ಅದಕ್ಕಿಂತ 1,60,000 ಪಟ್ಟು ದೊಡ್ಡದು, ಆದ್ರೆ ವೇಗ ಜಾಸ್ತಿ ಆಗಿರೋದು ಸುಮಾರು 200 ಪಟ್ಟು ಮಾತ್ರ. ಸೆಕೆಂಡಿಗೆ 200 ಎಂಬಿ ಅಂತ ಇಟ್ಕೊಂಡ್ರೂ 16 ಟಿಬಿ ಬರೆಯೋಕೆ 80,000 ಸೆಕೆಂಡ್, ಅಂದ್ರೆ 22 ಗಂಟೆ, ಅದೂ ಬೇರೆ ಯಾರೂ ಸರ್ವರ್ ಮುಟ್ಟದೇ ಇದ್ರೆ. ಡ್ರೈವಿನ ಒಳಸುತ್ತಿಗೆ ಹೋದ ಹಾಗೆ ವೇಗ ಇಳಿಯೋದರಿಂದ ನಿಜವಾಗಿ ಇನ್ನೂ ಜಾಸ್ತಿ. ಎರಡು ನಿಮಿಷದ ಕೆಲಸಕ್ಕೆ ಅಂತ ಹುಟ್ಟಿದ ಉಪಾಯ ಈಗ ಒಂದು ಹಗಲು ಒಂದು ರಾತ್ರಿ ಓಡ್ಬೇಕು, ಅಷ್ಟು ಹೊತ್ತು ಮನೆ ಡೇಟಾಗೆ ಬೇರೆ ಕಾವಲಿಲ್ಲ.

ಇಂಥಾ ಹೊತ್ತಲ್ಲಿ ಜನ ಎರಡು ಥರ ನಡ್ಕೊಳ್ತಾರೆ. ಕೆಲವರು ಕೆಂಪು ಲೈಟ್ ನೋಡಿದ ತಕ್ಷಣ ಪವರ್ ಸ್ವಿಚ್ ಒತ್ತಿ ಆಫ್ ಮಾಡ್ಬಿಡ್ತಾರೆ. ಇನ್ನು ಕೆಲವರು ರೇಡ್ ಇದೆಯಲ್ಲ ಅಂತ ಮಾಮೂಲಿನಂತೆ ಸಿನಿಮಾ ನೋಡ್ತಾ, ಕ್ಯಾಮೆರಾ ರೆಕಾರ್ಡಿಂಗ್ ಓಡಿಸ್ತಾ, ಲ್ಯಾಪ್‌ಟಾಪ್ ಬ್ಯಾಕಪ್ ಸುರೀತಾ ಇರ್ತಾರೆ. ಎರಡೂ ಸರಿ ಅಲ್ಲ ಅನ್ನೋದು ನನ್ನ ಖಚಿತ ಅಭಿಪ್ರಾಯ. ಸರ್ವರ್ ತೆರೆದೇ ಇರ್ಬೇಕು, ಯಾಕಂದ್ರೆ ಮನೆಯವರಿಗೆ ಅವರ ಫೈಲ್ ಬೇಕು, ಅದಕ್ಕಿಂತ ಮುಖ್ಯವಾಗಿ ಮುಖ್ಯವಾದದ್ದನ್ನ ಆಚೆ ತೆಗೆದಿಟ್ಟುಕೊಳ್ಳೋಕೆ ಅದು ತೆರೆದಿದ್ರೇನೇ ಸಾಧ್ಯ. ಆದ್ರೆ ಅದರ ಮೇಲಿನ ಭಾರ ಇಳಿಸ್ಬೇಕು: ಓದೋದಕ್ಕೆ ತೆರೆದಿರಲಿ, ಬರೆಯೋದು ಆದಷ್ಟು ನಿಲ್ಲಲಿ.

ಯಾವುದು ಮೊದಲು ಅನ್ನೋದೇ ಇಲ್ಲಿ ದೊಡ್ಡ ವಿಷಯ, ಲೇಖನಗಳಲ್ಲಿ ಇದನ್ನ ನಾನು ಕಂಡೇ ಇಲ್ಲ. ಡ್ರೈವ್ ಹೋಯ್ತು ಅಂದ ತಕ್ಷಣ ಎಲ್ಲರೂ ಹೊಸ ಡ್ರೈವ್ ತರೋಕೆ ಓಡ್ತಾರೆ. ಅದಕ್ಕೂ ಮೊದಲು ಕೇಳ್ಕೋಬೇಕಾದ್ದು, ಕಳೆದುಹೋದ್ರೆ ಮತ್ತೆ ಸಿಗದೇ ಇರೋ ಫೈಲ್‌ಗಳ ಇನ್ನೊಂದು ಕಾಪಿ ಬೇರೆ ಎಲ್ಲಾದ್ರೂ ಇದೆಯಾ ಅಂತ. ಇದೆ, ಇತ್ತೀಚಿನದೇ ಇದೆ ಅಂದ್ರೆ ನಿಶ್ಚಿಂತೆಯಿಂದ ರಿಬಿಲ್ಡ್ ಶುರು ಮಾಡಿ. ಇಲ್ಲ ಅಂದ್ರೆ ರಿಬಿಲ್ಡ್ ಆಮೇಲೆ, ಮೊದಲು ಒಂದು ಯುಎಸ್‌ಬಿ ಡ್ರೈವ್ ಸಿಕ್ಕಿಸಿ ಫೋಟೋ, ದಾಖಲೆ ಫೋಲ್ಡರ್‌ಗಳನ್ನ ಕಾಪಿ ಮಾಡ್ಕೊಳ್ಳಿ. ಕಾರಣ ಏನಂದ್ರೆ, ಕಾಪಿ ಮಾಡೋವಾಗ ಡ್ರೈವ್ ಓದೋದು ಆ ಫೈಲ್ ಇರೋ ಜಾಗ ಮಾತ್ರ, ಇನ್ನೂರು ಜಿಬಿ ಇದ್ದೀತು, ಐನೂರು ಇದ್ದೀತು. ರಿಬಿಲ್ಡ್ ಮಾಡೋವಾಗ ಉಳಿದ ಎಲ್ಲಾ ಡ್ರೈವ್ ಮೊದಲಿಂದ ಕೊನೆ ತನಕ ಓದ್ಬೇಕು, ಮತ್ತೆ ಡೌನ್‌ಲೋಡ್ ಮಾಡ್ಕೋಬಹುದಾದ ಸಿನಿಮಾಗಳೂ ಅದರಲ್ಲಿ ಸೇರ್ತವೆ, ಹಳೇ ಥರದ ರೇಡಲ್ಲಿ ಖಾಲಿ ಜಾಗವೂ ಸೇರುತ್ತೆ. ಎರಡನೇ ಡ್ರೈವ್ ಏನಾದ್ರೂ ಕೈ ಕೊಡೋದಿದ್ರೆ ಅಷ್ಟೊಂದು ಓದೋವಾಗಲೇ ಕೊಡೋದು. ಹಾಗಾಗಿ ಅಮೂಲ್ಯವಾದದ್ದು ಮೊದಲು ಆಚೆ ಬಂದಿರಬೇಕು. ಸ್ಪೇರ್ ಡ್ರೈವ್ ಮೊದಲೇ ಒಳಗಿದ್ರೆ ರಿಬಿಲ್ಡ್ ತಾನಾಗೇ ಶುರು ಆಗಿಬಿಟ್ಟಿರುತ್ತೆ, ಆಗ ಅದರ ವೇಗ ಇಳಿಸಿ ಕಾಪಿ ಮುಗಿಸ್ಕೊಳ್ಳಿ.

ಇಲ್ಲಿ ಇನ್ನೊಂದು ಲೆಕ್ಕ ಇದೆ. ಸಾಧಾರಣ ಡ್ರೈವ್‌ಗಳ ಡೇಟಾಶೀಟಲ್ಲಿ ಓದೋಕಾಗದ ತಪ್ಪು 10ರ ಘಾತ 14 ಬಿಟ್ಟಿಗೆ ಒಂದು ಅಂತ ಬರೆದಿರುತ್ತೆ, ಅಂದ್ರೆ ಸುಮಾರು 12.5 ಟಿಬಿ ಓದಿದ್ರೆ ಒಂದು ಸೆಕ್ಟರ್ (ಡ್ರೈವಿನ ಒಂದು ಸಣ್ಣ ತುಂಡು) ಓದೋಕೆ ಬರದೇ ಇರಬಹುದು. ಇದು ಕಂಪನಿಗಳು ಕೊಡೋ ಮಿತಿ, ನಿಜ ಜೀವನದಲ್ಲಿ ಡ್ರೈವ್‌ಗಳು ಸಾಮಾನ್ಯವಾಗಿ ಇದಕ್ಕಿಂತ ಚೆನ್ನಾಗೇ ಓದ್ತವೆ, ಸ್ವಲ್ಪ ದುಬಾರಿ ಮಾಡೆಲ್‌ಗಳಲ್ಲಿ 10ರ ಘಾತ 15 ಅಂತ ಇರುತ್ತೆ. ಆದ್ರೂ 8 ಟಿಬಿಯ ನಾಲ್ಕು ಡ್ರೈವಿನ ರೇಡ್ 5ರಲ್ಲಿ ಒಂದು ಹೋದ್ರೆ ಉಳಿದ ಮೂರರಿಂದ 24 ಟಿಬಿ ಒಂದೂ ತಪ್ಪಿಲ್ಲದೆ ಓದ್ಬೇಕು ಅನ್ನೋದು ಸಣ್ಣ ವಿಷಯ ಅಲ್ಲ. ಅಂಥಾ ಒಂದು ಸೆಕ್ಟರ್ ಸಿಕ್ಕಾಗ ಏನಾಗುತ್ತೆ ಅನ್ನೋದು ನಿಮ್ಮ ಬಾಕ್ಸಿನ ಸಾಫ್ಟ್‌ವೇರ್ ಮೇಲೆ ನಿಂತಿದೆ. ರೇಡನ್ನೂ ಫೈಲ್‌ಗಳನ್ನೂ ಒಟ್ಟಿಗೆ ನೋಡ್ಕೊಳ್ಳೋ ಝಡ್ಎಫ್ಎಸ್ ಅನ್ನೋ ಸಾಫ್ಟ್‌ವೇರ್ ಆದ್ರೆ ಇಂಥಾ ಫೈಲ್ ಹಾಳಾಯ್ತು ಅಂತ ಹೆಸರು ಹೇಳಿ ಮುಂದಕ್ಕೆ ಹೋಗುತ್ತೆ, ಯಾಕಂದ್ರೆ ಫೈಲ್ ಯಾವುದು ಖಾಲಿ ಜಾಗ ಯಾವುದು ಅಂತ ಅದಕ್ಕೆ ಗೊತ್ತು, ಪ್ರತಿ ಬ್ಲಾಕಿಗೂ ಚೆಕ್‌ಸಮ್, ಅಂದ್ರೆ ಡೇಟಾ ಸರಿ ಇದೆಯಾ ಅಂತ ತಾಳೆ ನೋಡೋ ಅಂಕಿ, ಇಟ್ಟಿರುತ್ತೆ. ಅದೇ ಕಾರಣಕ್ಕೆ ಅದು ರಿಬಿಲ್ಡ್ ಮಾಡೋದು ಡೇಟಾ ಇರೋ ಜಾಗ ಮಾತ್ರ, ಕಾಲು ಭಾಗ ತುಂಬಿರೋ ಸರ್ವರ್ ಆದ್ರೆ ಎಷ್ಟೋ ಬೇಗ ಮುಗಿಯುತ್ತೆ. ಹಳೇ ಥರದ ರೇಡ್‌ಗೆ ಒಳಗೆ ಫೈಲ್ ಇದೆಯೋ ಇಲ್ವೋ ಗೊತ್ತಾಗಲ್ಲ, ರೇಡ್ ನಡೆಸೋ ಕೆಲವು ಕಂಟ್ರೋಲರ್‌ಗಳು ಒಂದು ಸೆಕ್ಟರ್ ಓದೋಕಾಗಲಿಲ್ಲ ಅಂತ ಇಡೀ ಡ್ರೈವನ್ನೇ ಆಚೆ ಹಾಕಿ ರಿಬಿಲ್ಡ್ ಕೈ ಬಿಡ್ತವೆ.

ಭಾರ ಇಳಿಸೋದು ಅಂದ್ನಲ್ಲ, ಅದು ಹೇಗೆ ಅಂತ ಹೇಳ್ತೀನಿ. ಮನೆ ಸರ್ವರಲ್ಲಿ ನಮಗೆ ಕಾಣದೇ ನಡೆಯೋ ಕೆಲಸಗಳೇ ಜಾಸ್ತಿ: ಟೊರೆಂಟ್, ಕಂಪ್ಯೂಟರ್‌ಗಳ ರಾತ್ರಿ ಬ್ಯಾಕಪ್, ಫೋಟೋಗಳಲ್ಲಿ ಮುಖ ಹುಡುಕೋ ಇಂಡೆಕ್ಸಿಂಗ್, ವಿಡಿಯೋಗೆ ಥಂಬ್‌ನೇಲ್ ಮಾಡೋದು, ಇಪ್ಪತ್ನಾಲ್ಕು ಗಂಟೆ ಬರೀತಾನೇ ಇರೋ ಕ್ಯಾಮೆರಾ. ಇವನ್ನ ನಿಲ್ಲಿಸಿ. ಕ್ಯಾಮೆರಾ ನಿಲ್ಲಿಸೋಕೆ ಆಗಲ್ಲ ಅಂದ್ರೆ ಅದರ ರೆಕಾರ್ಡಿಂಗ್ ತಾತ್ಕಾಲಿಕವಾಗಿ ಒಂದು ಯುಎಸ್‌ಬಿ ಡ್ರೈವಿಗೋ ಕ್ಯಾಮೆರಾದೊಳಗಿನ ಮೆಮೊರಿ ಕಾರ್ಡಿಗೋ ತಿರುಗಿಸಿ. ತಿಂಗಳಿಗೊಮ್ಮೆ ಎಲ್ಲಾ ಡೇಟಾ ಓದಿ ಪರೀಕ್ಷೆ ಮಾಡೋ ಸ್ಕ್ರಬ್, ಡ್ರೈವ್ ತನ್ನನ್ನ ತಾನೇ ಪೂರ್ತಿ ಪರೀಕ್ಷೆ ಮಾಡ್ಕೊಳ್ಳೋ ಲಾಂಗ್ ಟೆಸ್ಟ್ ಆ ರಾತ್ರೀನೇ ಬರೋ ಹಾಗಿದ್ರೆ ಮುಂದಕ್ಕೆ ಹಾಕಿ. ಮನೆಯವರಿಗೂ ಹೇಳಿ, ನೋಡೋದು ನೋಡ್ಕೊಳ್ಳಿ, ಹೊಸದಾಗಿ ಏನೂ ಸುರೀಬೇಡಿ ಅಂತ. ಹೇಳಿದ್ರೆ ಎಲ್ಲರೂ ಕೇಳ್ತಾರೆ, ಹೇಳದೇ ಇದ್ರೆ ಯಾಕೋ ಸ್ಲೋ ಆಗಿದೆ ಅಂತ ಯಾರೋ ಒಬ್ಬರು ಹೋಗಿ ರೀಸ್ಟಾರ್ಟ್ ಬಟನ್ ಒತ್ತಿಬಿಡ್ತಾರೆ.

ರಿಬಿಲ್ಡ್ ವೇಗ ನಮ್ಮ ಕೈಲೇ ಇದೆ ಅನ್ನೋದೂ ಬಹಳ ಜನರಿಗೆ ಗೊತ್ತಿಲ್ಲ. ಲಿನಕ್ಸಿನ ಸಾಫ್ಟ್‌ವೇರ್ ರೇಡ್‌ಗೆ, ಮನೆ ಬಾಕ್ಸ್‌ಗಳಲ್ಲಿ ಎಷ್ಟೋ ಒಳಗೆ ಓಡಿಸೋದು ಇದನ್ನೇ, ಕೆಳಮಿತಿ ಮೇಲ್ಮಿತಿ ಅಂತ ಎರಡು ಸೆಟ್ಟಿಂಗ್ ಇವೆ, ಮೊದಲೇ ಇಟ್ಟಿರೋ ಅಂಕಿ ಕೆಳಗೆ ಸೆಕೆಂಡಿಗೆ 1,000 ಕೆಬಿ, ಮೇಲೆ 2,00,000 ಕೆಬಿ. ಯಾರಾದ್ರೂ ಸರ್ವರ್ ಬಳಸ್ತಾ ಇದ್ರೆ ರಿಬಿಲ್ಡ್ ತಾನು ಹಿಂದೆ ಸರಿದು ಅವರಿಗೆ ಜಾಗ ಬಿಡುತ್ತೆ, ಆದ್ರೆ ಕೆಳಮಿತಿಗಿಂತ ಕೆಳಗೆ ಇಳಿಯೋಕೆ ನೋಡಲ್ಲ. ಬಳಕೆ ಬಿಡದೇ ಇದ್ದು ಆ ಕೆಳಮಿತಿಯಲ್ಲೇ ತೆವಳಿದ್ರೆ 8 ಟಿಬಿ ಮುಗಿಯೋಕೆ ಮೂರು ತಿಂಗಳು ಬೇಕು, ಬೇಕಾದ್ರೆ ಗುಣಿಸಿ ನೋಡಿ. ಅಲ್ಲೀ ತನಕ ಯಾರ ಮನೇಲೂ ಹೋಗಲ್ಲ ನಿಜ, ಆದ್ರೆ ಸದಾ ಬರೀತಿರೋ ಕ್ಯಾಮೆರಾ ಒಂದಿದ್ರೆ ಒಂದು ದಿನದ ಕೆಲಸ ವಾರ ಎಳೆಯೋದು ನಿಜ. ನನ್ನ ಪ್ರಕಾರ ಹಗಲು ಮನೆಯವರು ಬಳಸೋ ಹೊತ್ತಲ್ಲಿ ಕೆಳಮಿತಿ ಮಧ್ಯಮದಲ್ಲಿರಲಿ, ಎಲ್ಲರೂ ಮಲಗಿದ ಮೇಲೆ ಏರಿಸಿ ಪೂರ್ತಿ ಬಿಟ್ಟುಬಿಡಿ. ರೆಡಿಮೇಡ್ ಬಾಕ್ಸ್‌ಗಳಲ್ಲೂ ಇಂಥಾ ಆಯ್ಕೆ ಮೆನುವಿನ ಮೂಲೇಲಿ ಎಲ್ಲೋ ಇರುತ್ತೆ, ಹುಡುಕ್ಬೇಕು.

ಈಗ ಡ್ರೈವ್ ವಿಷಯಕ್ಕೆ ಬರ್ತೀನಿ. ಎಸ್ಎಂಆರ್ ಅಂತ ಒಂದು ಜಾತಿ ಡ್ರೈವ್ ಇದೆ, ಟ್ರ್ಯಾಕ್‌ಗಳನ್ನ, ಅಂದ್ರೆ ಡೇಟಾ ಬರೆಯೋ ಸುತ್ತುಗಳನ್ನ, ಮನೆ ಹೆಂಚಿನ ಹಾಗೆ ಒಂದರ ಮೇಲೊಂದು ಸ್ವಲ್ಪ ಹೊದಿಸಿ ಬರೆಯೋದು, ಅದರಿಂದ ಜಾಸ್ತಿ ಹಿಡಿಯುತ್ತೆ, ಆದ್ರೆ ಒಂದು ಕಡೆ ತಿದ್ದಬೇಕಾದ್ರೆ ಪಕ್ಕದ್ದನ್ನೂ ಮತ್ತೆ ಬರೀಬೇಕು. ದಿನಬಳಕೆಯಲ್ಲಿ ಇದು ಗೊತ್ತೇ ಆಗಲ್ಲ, ರಿಬಿಲ್ಡಲ್ಲಿ ಗಂಟೆಗಟ್ಟಲೆ ಬಿಡದೆ ಬರೆಯೋವಾಗ ಡ್ರೈವ್ ಉಸಿರುಗಟ್ಟಿ ನಿಂತುಬಿಡುತ್ತೆ, ರೇಡ್ ಅದನ್ನ ಸತ್ತಿದೆ ಅಂತ ತಿಳ್ಕೊಂಡು ಆಚೆ ಹಾಕೋದೂ ಉಂಟು. 2020ರಲ್ಲಿ ಮನೆ ಸರ್ವರ್‌ಗೆ ಅಂತಲೇ ಮಾರ್ತಿದ್ದ ಕೆಲವು ಮಾಡೆಲ್‌ಗಳ ಒಳಗೂ ಇದೇ ಇದೆ ಅಂತ ಬಯಲಾಗಿ ದೊಡ್ಡ ಗಲಾಟೆ ಆಯ್ತು, ಆಮೇಲೆ ಕಂಪನಿಗಳು ಯಾವ ಮಾಡೆಲ್ ಯಾವ ಜಾತಿ ಅಂತ ಪಟ್ಟಿ ಹಾಕಿದ್ವು. ಕೊಳ್ಳೋ ಮುಂಚೆ ಆ ಪಟ್ಟಿ ನೋಡ್ಲೇಬೇಕು, ಸಿಎಂಆರ್ (ಟ್ರ್ಯಾಕ್ ಹೊದಿಸದೆ ಬರೆಯೋ ಮಾಮೂಲಿ ಜಾತಿ) ಅಂತ ಇದ್ರೆ ಮಾತ್ರ ತಗೋಬೇಕು. ಇನ್ನೊಂದು, ಡೆಸ್ಕ್‌ಟಾಪ್ ಡ್ರೈವ್‌ಗಳು ಒಂದು ಸೆಕ್ಟರ್ ಓದೋಕೆ ಬರದಿದ್ರೆ ಬಿಡದೆ ಮತ್ತೆ ಮತ್ತೆ ಪ್ರಯತ್ನ ಮಾಡ್ತಾ ನಿಮಿಷಗಟ್ಟಲೆ ಸುಮ್ಮನಾಗಬಹುದು, ಲಿನಕ್ಸ್ ಸಾಮಾನ್ಯವಾಗಿ ಕಾಯೋದು 30 ಸೆಕೆಂಡ್, ಅಷ್ಟರಲ್ಲಿ ಉತ್ತರ ಬರಲಿಲ್ಲ ಅಂದ್ರೆ ಡ್ರೈವನ್ನ ರೀಸೆಟ್ ಮಾಡುತ್ತೆ, ಬರೀ ಒಂದು ಸೆಕ್ಟರ್ ತಪ್ಪಿಗೆ ಇಡೀ ಡ್ರೈವ್ ರೇಡಿಂದ ಆಚೆ ಬೀಳೋದು ಹೀಗೇ. ಸರ್ವರ್‌ಗೆ ಅಂತ ಮಾಡಿದ ಡ್ರೈವ್‌ಗಳು ಸುಮಾರು 7 ಸೆಕೆಂಡಲ್ಲೇ ಆಗಲ್ಲ ಅಂತ ಒಪ್ಕೊಳ್ತವೆ, ಆಗ ರೇಡ್ ಬೇರೆ ಡ್ರೈವಿಂದ ಲೆಕ್ಕ ಹಾಕಿ ಕೊಟ್ಟು ಆ ಜಾಗ ಸರಿ ಮಾಡುತ್ತೆ.

ನನ್ನ ಕೇಳಿದ್ರೆ ಎಲ್ಲಕ್ಕಿಂತ ಒಳ್ಳೇ ಉಪಾಯ ಡ್ರೈವ್ ಸಾಯೋಕೆ ಮುಂಚೇನೇ ಬದಲಾಯಿಸೋದು, ಅದೂ ಹಳೇದನ್ನ ಒಳಗೇ ಇಟ್ಕೊಂಡು. ಬಹಳ ಜನ ಮಾಡೋದು ಹೇಗೆ ಅಂದ್ರೆ, ಡ್ರೈವ್ ಸ್ವಲ್ಪ ಕೆಟ್ಟಿದೆ ಅಂತ ಎಚ್ಚರಿಕೆ ಬಂದ ಕೂಡಲೇ ಅದನ್ನ ಎಳೆದು ಅದೇ ಜಾಗಕ್ಕೆ ಹೊಸದು ತೂರಿಸ್ತಾರೆ. ಆ ಕ್ಷಣದಿಂದಲೇ ರಕ್ಷಣೆ ಹೋಯ್ತು, ನೂರಕ್ಕೆ ತೊಂಬತ್ತೊಂಬತ್ತು ಭಾಗ ಚೆನ್ನಾಗಿ ಓದ್ತಿದ್ದ ಡ್ರೈವನ್ನ ಕೈಯಾರೆ ತೆಗೆದು ಮೇಜಿನ ಮೇಲೆ ಇಟ್ಟ ಹಾಗಾಯ್ತು. ಖಾಲಿ ಸ್ಲಾಟ್ ಇದ್ರೆ, ಇಲ್ಲಾ ಒಂದು ಸಾಟಾ ಪೋರ್ಟ್ ಮಿಕ್ಕಿದ್ರೆ, ಹೊಸದನ್ನ ಅಲ್ಲಿ ಹಾಕಿ ರಿಪ್ಲೇಸ್ ಅಂತ ಹೇಳಿ. ಹಳೇದರಿಂದ ನೇರ ಕಾಪಿ ಆಗುತ್ತೆ, ಓದೋಕಾಗದ ಜಾಗ ಮಾತ್ರ ಉಳಿದ ಡ್ರೈವ್‌ಗಳಿಂದ ಲೆಕ್ಕ ಹಾಕಿ ತುಂಬುತ್ತೆ, ಪೂರ್ತಿ ಮುಗಿದ ಮೇಲೆ ಹಳೇದು ಆಚೆ. ಅಷ್ಟೂ ಹೊತ್ತು ಪ್ಯಾರಿಟಿ ಹಾಗೇ ಇರುತ್ತೆ, ಮನೆಯವರಿಗೆ ಗೊತ್ತೂ ಆಗಲ್ಲ. ಲಿನಕ್ಸ್ ರೇಡಿಗೆ ಇದು 2012ರ 3.3 ಆವೃತ್ತಿಯ ಕರ್ನಲ್ಲಿಂದಲೇ (ಲಿನಕ್ಸಿನ ತಿರುಳು) ಬಂದಿದೆ, ಝಡ್ಎಫ್ಎಸ್‌ನಲ್ಲೂ ಇದೆ. ಇಷ್ಟು ವರ್ಷ ಆದ್ರೂ ಜನಕ್ಕೆ ತಲುಪಿಲ್ಲ ಅನ್ನೋದೇ ನನಗೆ ಬೇಜಾರು. ನಾಲ್ಕು ಸ್ಲಾಟಿಗೆ ನಾಲ್ಕು ಡ್ರೈವ್ ತುಂಬಿಸೋ ಬದಲು ಒಂದು ಸ್ಲಾಟ್ ಜಾಸ್ತಿ ಇರೋ ಬಾಕ್ಸ್ ತಗೊಳ್ಳಿ ಅಂತ ನಾನು ಎಲ್ಲರಿಗೂ ಹೇಳೋದು ಇದಕ್ಕೇ.

ಮುಂಚೆಯೇ ಹೇಗೆ ಗೊತ್ತಾಗುತ್ತೆ ಅಂದ್ರೆ ಡ್ರೈವ್ ತನ್ನ ಆರೋಗ್ಯದ ಬಗ್ಗೆ ತಾನೇ ಲೆಕ್ಕ ಇಡೋ ಸ್ಮಾರ್ಟ್ ಅಂಕಿಗಳಿವೆ, ಒಂದೊಂದಕ್ಕೂ ಒಂದು ನಂಬರ್. ಅದರಲ್ಲಿ 5, 197, 198 ಈ ಮೂರು ನೋಡ್ತಾ ಇರಿ, ಬದಲಿ ಹಾಕಿದ ಸೆಕ್ಟರ್, ಓದೋಕಾಗದೆ ಕಾಯ್ತಿರೋ ಸೆಕ್ಟರ್, ಓದೋಕೇ ಬರದ ಸೆಕ್ಟರ್. ಸೊನ್ನೆ ಇದ್ದದ್ದು ಏರೋಕೆ ಶುರು ಆದ್ರೆ ಹೊಸ ಡ್ರೈವ್ ತರಿಸಿ. ಗೂಗಲ್ ಕಂಪನಿಯವರು 2007ರಲ್ಲಿ ಒಂದು ಲಕ್ಷಕ್ಕೂ ಮೇಲ್ಪಟ್ಟ ಡ್ರೈವ್‌ಗಳನ್ನ ನೋಡಿ ಬರೆದ ವರದಿ ಪ್ರಕಾರ ಮೊದಲ ಸ್ಕ್ಯಾನ್ ಎರರ್ (ಡ್ರೈವ್ ತನ್ನ ಮೇಲ್ಮೈ ತಾನೇ ಪರೀಕ್ಷೆ ಮಾಡೋವಾಗ ಸಿಗೋ ತಪ್ಪು) ಬಂದ ಡ್ರೈವ್ ಮುಂದಿನ 60 ದಿನದಲ್ಲಿ ಕೆಡೋ ಸಾಧ್ಯತೆ ಎರರ್ ಇಲ್ಲದ್ದಕ್ಕಿಂತ 39 ಪಟ್ಟು ಜಾಸ್ತಿ. ಆದ್ರೆ ಅದೇ ವರದೀಲಿ ಇನ್ನೊಂದು ಮಾತೂ ಇದೆ, ಕೆಟ್ಟ ಡ್ರೈವ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಮುಖ್ಯ ಅಂಕಿಗಳಲ್ಲಿ ಯಾವ ಸುಳಿವೂ ಕೊಡದೆ ಕೆಟ್ಟಿದ್ವು. ಅಂಕಿ ಚೆನ್ನಾಗಿದೆ ಅಂತ ಬ್ಯಾಕಪ್ ಬಿಡೋ ಹಾಗಿಲ್ಲ. ಅದೇ 2007ರಲ್ಲಿ ಬಿಯಾಂಕಾ ಶ್ರೋಡರ್ ಜೊತೆ ಸೇರಿ ಗಾರ್ತ್ ಗಿಬ್ಸನ್, ರೇಡ್ ಪ್ರಬಂಧ ಬರೆದ ಮೂವರಲ್ಲಿ ಒಬ್ಬರಾದ ಅದೇ ಗಿಬ್ಸನ್, ಡ್ರೈವ್‌ಗಳು ಒಂದಕ್ಕೊಂದು ಸಂಬಂಧ ಇಲ್ಲದೆ ಬಿಡಿಬಿಡಿಯಾಗಿ ಕೆಡ್ತವೆ ಅನ್ನೋ ಲೆಕ್ಕ ನಿಜಕ್ಕೆ ಹೊಂದಲ್ಲ ಅಂತ ತೋರಿಸಿದ್ರು. ಒಂದೇ ದಿನ ಒಂದೇ ಬ್ಯಾಚಿನ ನಾಲ್ಕು ಡ್ರೈವ್ ತಂದು ಒಂದೇ ಬಿಸಿ, ಒಂದೇ ಅಲುಗಾಟದಲ್ಲಿ ಓಡಿಸೋ ನಮಗೆ ಇದು ಮುಖ್ಯವಾದ ಮಾತು.

ಕೆಟ್ಟಿದೆ ಅಂತ ತೋರಿಸಿದ ಡ್ರೈವ್ ನಿಜವಾಗ್ಲೂ ಕೆಟ್ಟಿದೆಯಾ ಅಂತಾನೂ ನೋಡಿ. ಸ್ಮಾರ್ಟಿನ 199ನೇ ಅಂಕಿ, ಅಂದ್ರೆ ಡೇಟಾ ಕೇಬಲಲ್ಲಿ ಸಾಗೋವಾಗ ಆದ ತಪ್ಪುಗಳ ಎಣಿಕೆ, ಏರಿ ಉಳಿದವು ಸರಿ ಇದ್ರೆ ಅನುಮಾನ ಕೇಬಲ್ ಮೇಲೆ ಹೋಗ್ಬೇಕು. ರೇಡಿಗೆ ಬಿಟ್‌ಮ್ಯಾಪ್ (ಯಾವ ಭಾಗ ಬದಲಾಯ್ತು ಅನ್ನೋ ಗುರುತು) ಆನ್ ಆಗಿದ್ರೆ ಕೇಬಲ್ ಸರಿ ಮಾಡಿ ಅದೇ ಡ್ರೈವನ್ನ ವಾಪಸ್ ಸೇರಿಸಿದಾಗ ನಡುವೆ ಬದಲಾದ ಭಾಗ ಮಾತ್ರ ಬರೆದು ಬೇಗ ಮುಗಿಯುತ್ತೆ, ಪೂರ್ತಿ ರಿಬಿಲ್ಡ್ ಬೇಕಾಗೇ ಇಲ್ಲ. ಹೊಸ ಡ್ರೈವ್ ಅಂತ ಅಳಿಸಿ ಸೇರಿಸಿದ್ರೆ ಮಾತ್ರ ಮತ್ತೆ ಮೊದಲಿಂದ.

ಇನ್ನು ತಪ್ಪು ಡ್ರೈವ್ ಎಳೆಯೋದು. ಒಂದು ಕೆಟ್ಟು, ಚೆನ್ನಾಗಿದ್ದ ಇನ್ನೊಂದನ್ನ ನಾವೇ ಎಳೆದ್ರೆ ರೇಡ್ 5 ಅಲ್ಲೇ ನಿಲ್ಲುತ್ತೆ. ಲಿನಕ್ಸ್ ಡ್ರೈವ್‌ಗಳಿಗೆ ಕೊಡೋ ಎಸ್‌ಡಿಎ, ಎಸ್‌ಡಿಬಿ ಅನ್ನೋ ಹೆಸರುಗಳು ರೀಬೂಟ್ ಆದಾಗ ಅದಲು ಬದಲು ಆಗಬಹುದು, ಅವನ್ನ ನಂಬಬೇಡಿ, ಡ್ರೈವಿನ ಸೀರಿಯಲ್ ನಂಬರ್ ನೋಡಿ. ಎಲ್ಲಾ ಚೆನ್ನಾಗಿರೋವಾಗಲೇ ಸೀರಿಯಲ್ಲಿನ ಕೊನೇ ನಾಲ್ಕಕ್ಷರ ಚೀಟಿ ಬರೆದು ಪ್ರತಿ ಟ್ರೇ ಮುಂದೆ ಅಂಟಿಸಿಟ್ರೆ ಆ ದಿನ ಕೈ ನಡುಗಲ್ಲ.

ಕರೆಂಟ್ ಹೋಗೋದಕ್ಕೆ ಯುಪಿಎಸ್ ಇರಲೇಬೇಕು, ರಕ್ಷಣೆ ಇಲ್ಲದ ರೇಡ್ 5 ಬರೀತಿರೋವಾಗ ಅರ್ಧಕ್ಕೆ ಆಫ್ ಆದ್ರೆ ಡೇಟಾ ಮತ್ತು ಪ್ಯಾರಿಟಿ ಹೊಂದದೆ ಹೋಗಿ ಮುಟ್ಟದ ಫೈಲೂ ಕೆಡಬಹುದು. ಹಾಗೇ ನಾಲ್ಕು ಡ್ರೈವ್ ಇಟ್ಕೊಂಡು ಮೂರಕ್ಕೆ ರೇಡ್ 5 ಮಾಡಿ ಒಂದನ್ನ ಸ್ಪೇರ್ ಅಂತ ಬಿಡೋರಿಗೆ ಒಂದು ಮಾತು, ಅದೇ ನಾಲ್ಕಕ್ಕೆ ಎರಡು ಪ್ಯಾರಿಟಿ ಇಡೋ ರೇಡ್ 6 ಮಾಡಿದ್ರೆ ಸಿಗೋ ಜಾಗ ಅಷ್ಟೇ, ಎರಡು ಡ್ರೈವಿನಷ್ಟು, ಆದ್ರೆ ರಿಬಿಲ್ಡ್ ನಡೆಯೋವಾಗಲೂ ಇನ್ನೊಂದು ಹೋಗೋದನ್ನ ತಡ್ಕೊಳ್ಳುತ್ತೆ. ಬರೆಯೋ ವೇಗ ಸ್ವಲ್ಪ ಕಮ್ಮಿ, ಮನೆಗೆ ಅದೇನೂ ದೊಡ್ಡದಲ್ಲ.

ಸಂಪಾದಕರೇ, ಇದೆಲ್ಲಾ ಬರೆದದ್ದು ಒಂದು ಕೋರಿಕೆಗೆ. ನಿಮ್ಮ ಪುಟದಲ್ಲಿ ಸರ್ವರ್ ಬಾಕ್ಸೋ ಡ್ರೈವೋ ವಿಮರ್ಶೆ ಮಾಡೋವಾಗ ಕಾಪಿ ವೇಗ, ಆ್ಯಪ್ ಚೆನ್ನಾಗಿದೆಯಾ, ಸದ್ದು ಎಷ್ಟು, ಇಷ್ಟಕ್ಕೆ ನಿಲ್ಲಿಸಬೇಡಿ. ಅರ್ಧ ತುಂಬಿಸಿ ಒಂದು ಡ್ರೈವ್ ಎಳೆದು ನೋಡಿ. ರಿಬಿಲ್ಡ್ ಎಷ್ಟು ಗಂಟೆ ಹಿಡೀತು, ಆ ಹೊತ್ತಲ್ಲಿ ಒಂದು ವಿಡಿಯೋ ನಿಲ್ಲದೆ ಓಡ್ತಾ, ವೇಗ ಏರಿಸಿ ಇಳಿಸೋಕೆ ಆಯ್ಕೆ ಇದೆಯಾ, ಹಳೇ ಡ್ರೈವ್ ಒಳಗಿದ್ದ ಹಾಗೇ ರಿಪ್ಲೇಸ್ ಮಾಡೋಕೆ ಬಿಡುತ್ತಾ, ಡ್ರೈವ್ ಕೆಟ್ಟಾಗ ಫೋನಿಗೋ ಮೇಲ್‌ಗೋ ತಿಳಿಸ್ತಾ ಇಲ್ಲಾ ಸುಮ್ಮನೆ ಒಂದು ಲೈಟ್ ಮಿಟುಕಿಸಿ ಕೂತಿತ್ತಾ, ಇದನ್ನ ಅಂಕಿ ಸಮೇತ ಬರೀರಿ. ಡ್ರೈವ್ ಆದ್ರೆ ಎಸ್ಎಂಆರೋ ಸಿಎಂಆರೋ ಅನ್ನೋದು ಮೊದಲ ಸಾಲಲ್ಲೇ ಇರಲಿ. ಓದಿದವರು ಅಂಗಡೀಲಿ ಅದನ್ನೇ ಕೇಳೋಕೆ ಶುರು ಮಾಡಿದ್ರೆ ಮಾರೋರೂ ಡಬ್ಬದ ಮೇಲೆ ಬರೀಲೇಬೇಕಾಗುತ್ತೆ. ಅಳೆಯೋ ಕ್ರಮ ಹೇಗಿರಬೇಕು ಅಂತ ನಾನೇ ವಿವರವಾಗಿ ಬರೆದು ಕಳಿಸೋಕೆ ಸಿದ್ಧ ಇದೀನಿ, ನಿಮ್ಮ ತಂತ್ರಜ್ಞಾನ ವಿಭಾಗದವರು ಕೇಳಿದ್ರೆ ಸಾಕು.

ಇಂತಿ,
ನಿಮ್ಮ ಪತ್ರಿಕೆಯ ಓದುಗ